ಪಂಡಿತಾ ರಮಾಬಾಯಿಯವರೂ ದುಡಿಯುವ ಸ್ತ್ರೀಯರೂ

ನಮ್ಮ ವಾಚಕರಲ್ಲಿ ಪಂಡಿತಾ ರಮಾಬಾಯಿಯವರ ಹೆಸರನ್ನು ಕೇಳದವರು ಕಡಿಮೆ. ಆದರೆ ಹೆಸರನ್ನು ಕೇಳುವದು ಬೇರೆ, ಅವರು ನಡಿಸಿದ ಕೆಲಸದ ಬಗೆಯನ್ನು ತಿಳಿಯುವದು ಬೇರೆ. ಅವರು ವಿಧವೆಯರಿಗೂ ಅನಾಥ ಬಾಲಿಕೆಯರಿಗೂ ಅನ್ನವಸ್ತ್ರಗಳನ್ನು ಕೊಟ್ಟರೆಂಬದು ಎಲ್ಲರಿಗೂ ಗೊತ್ತುಂಟು. ಅನ್ನವಸ್ತ್ರಗಳನ್ನು ಕೊಟ್ಟ ಉದಾರಿಗಳು ನಮ್ಮ ದೇಶದಲ್ಲಿ ಬೇರೆ ಅನೇಕರಿದ್ದರು. ರಮಾಬಾಯಿಯವರು ಅದಕ್ಕಿಂತ ಹೆಚ್ಚಾದದ್ದೊಂದನ್ನು ಮಾಡಿದರು. ಅವರು ಸ್ತ್ರೀಯರಿಗೆ ಕೆಲಸವನ್ನು ಕಲಿಸಿ, ಕಲಿತ ಮೇಲೆ ಆ ಕೆಲಸದ ಯಜಮಾನಿಕೆಯನ್ನೂ ಅವರ ಕೈಗೇ ಒಪ್ಪಿಸಿದರು. ಈ ಎರಡನೆಯ ಸಂಗತಿಯನ್ನು ಕುರಿತೇ ನಾವು ಈ ತಿಂಗಳು ಅವರ ಜೀವಚರಿತ್ರೆಯನ್ನು ಬರೆಯುತ್ತೇವೆ.

ಇದು ನಂಗಲಿಯ ಕಡೆಯ ನಮ್ಮ ಸಭೆಗಳಿಗೆ ಸಂಬಂಧಿಸಿದ ಮಾತೇ ಹೌದು. ನಂಗಲಿಯು ಕನ್ನಡ ನಾಡಿನ ಪೂರ್ವದ ಮೇರೆಯೆಂದು ಹೊಯ್ಸಳ ವಿಷ್ಣುವರ್ಧನನ ಕಾಲದ ಶಾಸನಗಳಿಂದಲೇ ತಿಳಿದು ಬರುತ್ತದೆ. ಬೆಂಗಳೂರಿನಿಂದ ಚೆನ್ನೈಗೆ ಹೋಗುವ ಹಳೆಯ ಹೆದ್ದಾರಿಯು ಇಲ್ಲಿಂದ ಆಂಧ್ರಕ್ಕೆ ದಾಟುತ್ತದೆ. ಹಿಂದೆ ನಮ್ಮ ಸ್ತ್ರೀಯರು ಹೊಲದ ಕಳೆ, ರೇಷ್ಮೆಹುಳುವಿನ ಸೊಪ್ಪು, ಹಸುವಿನ ಮೇವು ಇವುಗಳಲ್ಲಿಯೇ ದಿನ ಕಳೆಯುತ್ತಿದ್ದರು. ಈಗ ಹಳ್ಳಿಗಳ ಹೆಣ್ಣುಮಕ್ಕಳು ಬಸ್ಸು ಹತ್ತಿ ನರಸಾಪುರ, ವೇಮಗಲ್ಲುಗಳ ಕಾರ್ಖಾನೆಗಳಿಗೆ ಹೋಗುತ್ತಾರೆ. ಕೆಲವರು ದಾದಿಯರೂ ಉಪಾಧ್ಯಾಯಿನಿಯರೂ ಅಂಗನವಾಡಿಯ ಕಾರ್ಯಕರ್ತೆಯರೂ ಆಗಿದ್ದಾರೆ. ಗ್ರಾಮ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೇ ಮೀಸಲಾಗಿವೆ. ಹೀಗೆ ಸ್ತ್ರೀಯರಿಗೆ ದುಡಿಮೆಯು ದೊರಕಿತು. ಆದರೆ ದುಡಿಯುವ ಸ್ಥಳದಲ್ಲಿ ತಲೆಯೆತ್ತಿ ಮಾತಾಡುವ ಧೈರ್ಯವೂ ಹತ್ತು ಜನರನ್ನು ನಡಿಸುವ ಶಕ್ತಿಯೂ ದೊರಕಿದವೋ? ಕುರ್ಚಿಯು ಹೆಂಡತಿಯದು, ಮಾತು ಗಂಡನದು ಎಂಬ ಪಂಚಾಯತಿಗಳು ಎಷ್ಟೋ ಇವೆ. ಕಾರ್ಖಾನೆಯಲ್ಲಿ ಹತ್ತು ವರುಷ ದುಡಿದರೂ ಮೇಲಿನವರ ಮುಂದೆ ಬಾಯಿ ತೆರೆಯಲಾರದವರೂ ಇದ್ದಾರೆ. ಆದದರಿಂದ ಆ ಧೈರ್ಯವು ಎಲ್ಲಿಂದ ಬರುತ್ತದೆಂದು ತಿಳಿಯಬೇಕಾದರೆ, ಕನ್ನಡ ನಾಡಿನ ಈ ಪೂರ್ವದ ಮೇರೆಯನ್ನು ಬಿಟ್ಟು ಪಶ್ಚಿಮದ ಘಟ್ಟಗಳ ಕಡೆಗೆ ನಮ್ಮ ಮನಸ್ಸನ್ನು ತಿರುಗಿಸೋಣ.

ಈಗಿನ ಉಡುಪಿ ಜಿಲ್ಲೆಯ ಕಾರ್ಕಳ ತಾಲೂಕಿನಲ್ಲಿ ಮಾಳವೆಂಬ ಗ್ರಾಮವುಂಟು. ಅಲ್ಲಿಯ ಅನಂತಶಾಸ್ತ್ರಿ ಡೋಂಗ್ರೆ ಎಂಬ ಬ್ರಾಹ್ಮಣ ಪಂಡಿತರು ಪುಣೆಯಲ್ಲಿ ವಿದ್ಯೆ ಕಲಿಯುತ್ತಿದ್ದಾಗ, ಅವರ ಗುರುಗಳು ಪೇಶವೆ ಬಾಜೀರಾಯನ ಅರಮನೆಯಲ್ಲಿ ರಾಣಿಗೆ ಸಂಸ್ಕೃತವನ್ನು ಕಲಿಸುತ್ತಿದ್ದದ್ದನ್ನು ಕಂಡು ಆಶ್ಚರ್ಯಪಟ್ಟರು. ಸ್ತ್ರೀಯೂ ಶಾಸ್ತ್ರವನ್ನು ಕಲಿಯಬಹುದಾದರೆ ನನ್ನ ಮನೆಯಲ್ಲಿಯೂ ಯಾಕೆ ಕಲಿಯಬಾರದೆಂಬ ಆಲೋಚನೆಯು ಅವರ ಮನಸ್ಸಿನಲ್ಲಿ ಬೇರೂರಿತು. ತರುವಾಯ ಅವರು ತಮ್ಮ ಚಿಕ್ಕ ಪ್ರಾಯದ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸತೊಡಗಲು ಜಾತಿಯವರು ಎದ್ದು ನಿಂತರು. ಶಾಸ್ತ್ರಿಗಳು ಉಡುಪಿಯ ವಿದ್ವಾಂಸರ ಸಭೆಯ ಮುಂದೆ ನಿಂತು, ಸ್ತ್ರೀಯರಿಗೆ ವಿದ್ಯೆಯನ್ನು ಕಲಿಸುವದು ದೋಷವಲ್ಲವೆಂದು ಶಾಸ್ತ್ರಗಳಿಂದಲೇ ಎತ್ತಿ ತೋರಿಸಬೇಕಾಯಿತು. ಆ ಮೇಲೆ ಅವರು ಊರಿನ ಗದ್ದಲದಿಂದ ದೂರವಾಗಿ, ತುಂಗಭದ್ರೆಯರು ಹುಟ್ಟುವ ಗಂಗಾಮೂಲದ ಅಡವಿಯಲ್ಲಿ ಮನೆಯನ್ನು ಕಟ್ಟಿಕೊಂಡರು. ಅಲ್ಲಿ ೧೮೫೮ನೆಯ ಇಸವಿ ಎಪ್ರಿಲ್ ೨೩ರಲ್ಲಿ ರಮಾಬಾಯಿಯವರು ಹುಟ್ಟಿದರು.

ಮಗುವು ಆರು ತಿಂಗಳಿನದಾಗಿದ್ದಾಗಲೇ, ಮನೆಗೆ ಬಂದ ವಿದ್ಯಾರ್ಥಿಗಳಿಗೂ ಯಾತ್ರಿಕರಿಗೂ ಇಕ್ಕಿ ಇಕ್ಕಿ ಶಾಸ್ತ್ರಿಗಳ ಆಸ್ತಿಯು ಕರಗಿತ್ತು. ಕುಟುಂಬವು ಯಾತ್ರೆಗೆ ಹೊರಟಿತು. ಶಿಶುವನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಆಳಿನ ತಲೆಯ ಮೇಲೆ ಹೊರಿಸಿ ಘಟ್ಟದಿಂದ ಇಳಿಸಿದರು. ಅಂದಿನಿಂದ ಅವರಿಗೆ ಸ್ಥಿರವಾದ ಮನೆಯಿರಲಿಲ್ಲ. ದೇವಸ್ಥಾನಗಳ ಜಗಲಿಗಳಲ್ಲಿಯೂ ನದೀತೀರಗಳಲ್ಲಿಯೂ ಪುರಾಣವನ್ನೋದಿ, ಕೇಳಿದವರು ಕೊಟ್ಟದ್ದರಿಂದ ಜೀವಿಸುತ್ತಿದ್ದರು. ತಂದೆಗೆ ಮುಪ್ಪಾಗಿದ್ದದರಿಂದ ಮಗಳಿಗೆ ಪಾಠ ಹೇಳುವ ಭಾರವು ತಾಯಿಯ ಮೇಲೆ ಬಿತ್ತು. ಲಕ್ಷ್ಮೀಬಾಯಿಯು ಬೆಳಗಾಗುವದಕ್ಕೆ ಮುಂಚೆ, ಮನೆಗೆಲಸವು ಆರಂಭವಾಗುವ ಮೊದಲೇ ಎಳೆಯ ಮಗಳನ್ನು ಎಬ್ಬಿಸಿ ಶ್ಲೋಕಗಳನ್ನು ಹೇಳಿಸುತ್ತಿದ್ದಳು. ಎಂಟು ವರುಷದಿಂದ ಹದಿನೈದು ವರುಷದ ವರೆಗೆ ರಮಾಬಾಯಿಗೆ ಈ ತಾಯಿಯೇ ಗುರು. ಹೀಗೆ ತಂದೆಯು ತಾಯಿಗೆ ಕೊಟ್ಟ ವಿದ್ಯೆಯು ತಾಯಿಯಿಂದ ಮಗಳಿಗೆ ಇಳಿದು ಬಂತು.

೧೮೭೪ನೆಯ ಇಸವಿಯಲ್ಲಿ ದಕ್ಷಿಣ ದೇಶದ ಕ್ಷಾಮವು ಈ ಕುಟುಂಬವನ್ನು ಮುಟ್ಟಿತು. ಕೂಲಿಯ ಕೆಲಸವನ್ನು ಅವರಲ್ಲಿ ಯಾರೂ ಕಲಿತಿರಲಿಲ್ಲ; ಭಿಕ್ಷೆಯನ್ನು ಬೇಡುವದಕ್ಕೆ ಮಾನವು ಬಿಡಲಿಲ್ಲ. ಇದ್ದ ಪಾತ್ರೆ ಒಡವೆಗಳು ಮುಗಿದವು. ತಿರುಪತಿಯ ಕಡೆಯ ಅಡವಿಯಲ್ಲಿ ಅವರು ಎಲೆಗಳನ್ನೂ ಕಾಡುಹಣ್ಣುಗಳನ್ನೂ ತಿಂದು ದಿನಗಳನ್ನು ನೂಕಿದರು. ಆ ವರುಷವೇ ತಂದೆಯು ತೀರಿಹೋದರು. ಸ್ವಲ್ಪ ಕಾಲದಲ್ಲಿ ತಾಯಿಯು ಹಾಸಿಗೆ ಹಿಡಿದು ಅನ್ನಕ್ಕಾಗಿ ಕನವರಿಸುತ್ತಿರಲು, ರಮಾಬಾಯಿಯು ಹೇಗೋ ಬಾಯಿ ತೆರೆದು ಬೇಡಿ ಒಂದು ತುಂಡು ಸಜ್ಜೆಯ ರೊಟ್ಟಿಯನ್ನು ತಂದಳು. ಅದನ್ನು ತಿನ್ನುವ ಶಕ್ತಿಯೂ ತಾಯಿಯಲ್ಲಿ ಉಳಿದಿರಲಿಲ್ಲ. ಹೆಣವನ್ನು ಹೊರುವದಕ್ಕೆ ನಾಲ್ಕು ಮಂದಿ ಬೇಕು. ಇಬ್ಬರು ಮಾತ್ರ ಕನಿಕರಪಟ್ಟು ಬಂದರು. ಅಣ್ಣ ಶ್ರೀನಿವಾಸನು ಮೂರನೆಯವನಾದನು, ರಮಾಬಾಯಿಯು ನಾಲ್ಕನೆಯವಳಾದಳು. ಅವಳು ಗಿಡ್ಡಳಾಗಿದ್ದದರಿಂದ ಚಟ್ಟವನ್ನು ತಲೆಯ ಮೇಲೆ ಹೊತ್ತು ಮಸಣದ ವರೆಗೆ ನಡೆದಳು. ಅಕ್ಕನೂ ತೀರಿಹೋದ ಮೇಲೆ ಅಣ್ಣತಂಗಿಯರಿಬ್ಬರೇ ಉಳಿದು ಸಾವಿರಾರು ಮೈಲು ಕಾಲ್ನಡೆಯಾಗಿ ಉತ್ತರಕ್ಕೆ ಹೋದರು. ಹಸಿವು ಎಂಥದೆಂದೂ, ಕೈಯಲ್ಲಿ ಕೆಲಸವಿಲ್ಲದವರ ಗತಿಯು ಎಂಥದೆಂದೂ ರಮಾಬಾಯಿಯವರು ಹೀಗೆ ಕಲಿತರು.

೧೮೭೮ರಲ್ಲಿ ಅವರು ಕಲ್ಕತ್ತೆಯನ್ನು ಮುಟ್ಟಿದರು. ಅಲ್ಲಿಯ ವಿದ್ವಾಂಸರು ಇಪ್ಪತ್ತು ವರುಷದ ಈ ತರುಣಿಯನ್ನು ಪರೀಕ್ಷಿಸಿ, ಆಕೆಯ ಸಂಸ್ಕೃತ ಜ್ಞಾನಕ್ಕೆ ಬೆರಗಾಗಿ ಪಂಡಿತಾ ಎಂದೂ ಸರಸ್ವತೀ ಎಂದೂ ಬಿರುದುಗಳನ್ನು ಕೊಟ್ಟರು. ಗಂಡಸರಿಂದ ತುಂಬಿದ ಸಭೆಯಲ್ಲಿ ಹೆಂಗಸು ಎದ್ದು ಮಾತಾಡುವದು ಆ ಕಾಲದಲ್ಲಿ ಅಪೂರ್ವವಾಗಿತ್ತು. ರಮಾಬಾಯಿಯವರು ಅಂಜಲಿಲ್ಲ. ತಾಯಿಯು ಬೆಳಗಿನ ಜಾವದಲ್ಲಿ ಕಲಿಸಿದ ವಿದ್ಯೆಯು ಅವರಿಗೆ ಚೆನ್ನಾಗಿ ಬರುತ್ತಿತ್ತು. ಚೆನ್ನಾಗಿ ಬರುವ ವಿದ್ಯೆಯೇ ಅವರಿಗೆ ಧೈರ್ಯವಾಯಿತು.

೧೮೮೦ರಲ್ಲಿ ಅಣ್ಣನು ತೀರಿಹೋದನು. ಅದೇ ವರುಷದಲ್ಲಿ ಅವರು ಜಾತಿಯ ಕಟ್ಟನ್ನು ದಾಟಿ ಬಂಗಾಳದ ಬಿಪಿನ್ ಬಿಹಾರಿ ಮೇಧಾವಿ ಎಂಬ ವಕೀಲರನ್ನು ಮದುವೆಯಾದರು. ೧೮೮೧ರಲ್ಲಿ ಮಗಳು ಮನೋರಮೆಯು ಹುಟ್ಟಿದಳು. ೧೮೮೨ರ ಫೆಬ್ರವರಿಯಲ್ಲಿ ಗಂಡನು ವಾಂತಿಭೇದಿಯಿಂದ ಮೃತನಾದನು. ಮದುವೆಯಾಗಿ ಎರಡು ವರುಷ ತುಂಬುವದಕ್ಕೆ ಮುಂಚೆಯೇ ಅವರು ಕೈಗೂಸಿನೊಡನೆ ವಿಧವೆಯಾದರು.

ಅವರು ಪುಣೆಗೆ ಬಂದು ಅದೇ ವರುಷ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಆಗ ಸರಕಾರದವರು ವಿದ್ಯಾಭ್ಯಾಸದ ವಿಷಯವಾಗಿ ಹಂಟರ್ ಎಂಬವರ ಅಧ್ಯಕ್ಷತೆಯಲ್ಲಿ ನೇಮಿಸಿದ ಆಯೋಗವು ಅವರ ಸಾಕ್ಷ್ಯವನ್ನೂ ತೆಗೆದುಕೊಂಡಿತು. ಆ ಸಾಕ್ಷ್ಯದಲ್ಲಿ ಅವರು ಹೆಣ್ಣುಮಕ್ಕಳಿಗೆ ಶಾಲೆಗಳು ಬೇಕೆಂದು ಮಾತ್ರ ಹೇಳಿ ಸುಮ್ಮನಾಗಲಿಲ್ಲ. ಹೆಣ್ಣುಮಕ್ಕಳಿಗೆ ಸ್ತ್ರೀಯರೇ ಉಪಾಧ್ಯಾಯಿನಿಯರಾಗಬೇಕು, ಅವರ ಸಂಬಳವು ಗಂಡು ಉಪಾಧ್ಯಾಯರ ಸಂಬಳಕ್ಕಿಂತ ಹೆಚ್ಚಾಗಿರಬೇಕು, ಅವರಿಗೆ ಶಾಲೆಯ ಆವರಣದಲ್ಲಿಯೇ ವಾಸಕ್ಕೆ ಮನೆಗಳಿರಬೇಕು, ಶಾಲೆಗಳನ್ನು ತನಿಖೆ ಮಾಡುವ ಅಧಿಕಾರವು ಪ್ರಾಯಕ್ಕೆ ಬಂದ ವಿದ್ಯಾವಂತೆಯರಾದ ಈ ದೇಶದ ಸ್ತ್ರೀಯರಿಗೇ ಸಿಕ್ಕಬೇಕು, ರೋಗಪೀಡಿತ ಸ್ತ್ರೀಯರಿಗಾಗಿ ಸ್ತ್ರೀ ವೈದ್ಯರನ್ನು ತಯಾರು ಮಾಡಬೇಕು ಎಂದು ಒಂದೊಂದಾಗಿ ಬಿಡಿಸಿ ಹೇಳಿದರು. ಸಂಬಳ, ಸುರಕ್ಷಿತವಾದ ವಾಸ, ಅಧಿಕಾರ ಈ ಮೂರೂ ಇಲ್ಲದೆ ಸ್ತ್ರೀಯು ಕೆಲಸದಲ್ಲಿ ನೆಲೆಯಾಗಿ ನಿಲ್ಲಲಾರಳೆಂದು ಇಪ್ಪತ್ತನಾಲ್ಕು ವರುಷದ ಈ ವಿಧವೆಯು ೧೮೮೨ರಲ್ಲಿಯೇ ಕಂಡಿದ್ದರು. ಇಂದು ಕಾರ್ಖಾನೆಯ ವಸತಿಗೃಹವನ್ನೂ ರಾತ್ರಿಯ ಬಸ್ಸನ್ನೂ ಕುರಿತು ಚಿಂತಿಸುವ ನಮ್ಮ ತಂದೆತಾಯಿಗಳು ಈ ಮಾತನ್ನು ಗಮನಿಸಲಿ.

ವೈದ್ಯವಿದ್ಯೆಯನ್ನು ಕಲಿಯಬೇಕೆಂಬ ಆಶೆಯಿಂದ ಅವರು ೧೮೮೩ರಲ್ಲಿ ಮಗಳೊಡನೆ ಇಂಗ್ಲೆಂಡಿಗೆ ಹೋದರು. ಪ್ರಯಾಣದ ವೆಚ್ಚಕ್ಕೆ ತಾವು ಮರಾಠಿಯಲ್ಲಿ ಬರೆದ ಸ್ತ್ರೀಧರ್ಮನೀತಿ ಎಂಬ ಪುಸ್ತಕದ ಆದಾಯವು ಸಹಾಯವಾಯಿತು. ಆ ವರುಷದ ಸೆಪ್ಟಂಬರ್ ೨೯ರಲ್ಲಿ ವಾಂಟೇಜ್ ಎಂಬ ಊರಲ್ಲಿ ಅವರೂ ಮನೋರಮೆಯೂ ದೀಕ್ಷಾಸ್ನಾನವನ್ನು ಹೊಂದಿದರು. ಆದರೆ ಕಿವಿ ಮಂದವಾಗುತ್ತ ಬಂದದರಿಂದ ವೈದ್ಯರಾಗುವ ಆಶೆಯನ್ನು ಬಿಡಬೇಕಾಯಿತು. ಆಗ ಚೆಲ್ಟೆನ್‌ಹ್ಯಾಮ್ ಎಂಬಲ್ಲಿಯ ಸ್ತ್ರೀಯರ ಕಾಲೇಜಿನ ಮುಖ್ಯಸ್ಥೆಯಾದ ಡೊರೊಥಿಯಾ ಬೀಲ್ ಎಂಬವರು ಅವರಿಗೆ ಸಂಸ್ಕೃತವನ್ನು ಕಲಿಸುವ ಕೆಲಸವನ್ನು ಕೊಟ್ಟರು.

ಅಲ್ಲಿ ಒಂದು ಕಷ್ಟವು ಎದುರಾಯಿತು. ಗಂಡಸರಿಗೂ ಪಾಠ ಹೇಳುವ ಮಾತು ಹುಟ್ಟಲು, ಹಿಂದೂಸ್ಥಾನದಲ್ಲಿದ್ದ ಬಿಷಪ್ಪರು ಅದು ತಕ್ಕದ್ದಲ್ಲವೆಂದು ಅಡ್ಡ ಬಂದರು. ಸ್ವದೇಶಕ್ಕೆ ಹಿಂತಿರುಗಿದ ಮೇಲೆ ಅದರಿಂದ ಅವರ ಹೆಸರಿಗೆ ಕುಂದು ಬರುವದೆಂದು ಭಯಪಟ್ಟರು. ಅಡ್ಡಬಂದವರು ಶತ್ರುಗಳಲ್ಲ, ಹಿತೈಷಿಗಳೇ. ಉಪಕಾರ ಮಾಡಿದವರಿಗೆ ಎದುರಾಡುವದು ಶತ್ರುವಿಗೆ ಎದುರಾಡುವದಕ್ಕಿಂತ ಕಷ್ಟ. ಆದರೂ ರಮಾಬಾಯಿಯವರು ಮರ್ಯಾದೆ ತಪ್ಪದೆ, ಬಿರುಸು ಮಾತಾಡದೆ, ಪತ್ರಗಳಲ್ಲಿ ತಮ್ಮ ಅಭಿಪ್ರಾಯವನ್ನು ತಿಳಿಸಿದರು: ತಾವು ಮುಂಚಿನಿಂದಲೂ ಗಂಡಸರ ಸಭೆಗಳಲ್ಲಿ ಉಪನ್ಯಾಸ ಮಾಡಿದವರೆಂದೂ, ತಮ್ಮ ಆತ್ಮಸಾಕ್ಷಿಯನ್ನು ಬೇರೆಯವರಿಗೆ ಒಪ್ಪಿಸಲಾರೆವೆಂದೂ ಬರೆದರು. ನಮ್ಮ ಸಭೆಗಳಲ್ಲಿ ವಿಧೇಯತೆಯನ್ನು ಬಹಳವಾಗಿ ಹೊಗಳುತ್ತೇವೆ. ವಿಧೇಯತೆಯೂ ಒಳ್ಳೆಯದೇ, ಆದರೆ ಮರ್ಯಾದೆಯನ್ನು ಬಿಡದೆ ಆಗದೆಂದು ಹೇಳುವದನ್ನೂ ನಮ್ಮ ಹೆಣ್ಣುಮಕ್ಕಳು ಕಲಿಯಬೇಕಾಗಿದೆ.

೧೮೮೬ರಲ್ಲಿ ಅವರು ಅಮೇರಿಕಕ್ಕೆ ಹೋದರು. ಅವರ ಬಂಧುವಾದ ಆನಂದೀಬಾಯಿ ಜೋಶಿಯು ಆ ವರುಷ ಫಿಲಡೆಲ್ಫಿಯಾದಲ್ಲಿ ವೈದ್ಯಪದವಿಯನ್ನು ಪಡೆದಳು. ಅದನ್ನು ನೋಡುವದಕ್ಕೇ ಅವರು ಸಮುದ್ರ ದಾಟಿದರು. ಅಲ್ಲಿ ಅವರು ಎಳೆಯ ಮಕ್ಕಳಿಗೆ ಕಲಿಸುವ ಹೊಸ ಪದ್ಧತಿಯನ್ನು ಕಲಿತು, ಹಿಂದೂ ವಿಧವೆಯರ ಸ್ಥಿತಿಯನ್ನು ಕುರಿತು ೧೮೮೭ರಲ್ಲಿ ಇಂಗ್ಲಿಷ್ ಭಾಷೆಯಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಬೋಸ್ಟನ್ ಪಟ್ಟಣದವರು ಒಂದು ಸಂಘವನ್ನು ಕೂಡಿಸಿ ಹತ್ತು ವರುಷಗಳ ಸಹಾಯವನ್ನು ವಾಗ್ದಾನ ಮಾಡಿದರು. ಆ ಬಲದಿಂದ ೧೮೮೯ನೆಯ ಇಸವಿ ಮಾರ್ಚ್ ೧೧ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವೆಂಬ ಮನೆಯು ತೆರೆಯಿತು. ಮೊದಲು ಬಂದವರು ಇಬ್ಬರೇ. ಅವರಲ್ಲಿ ಗೋದೂಬಾಯಿ ಎಂಬ ವಿಧವೆಯು ಮುಂದೆ ೧೮೯೩ರಲ್ಲಿ ಧೊಂಡೋ ಕೇಶವ ಕರ್ವೆಯವರನ್ನು ಮದುವೆಯಾಗಿ, ಸ್ತ್ರೀವಿದ್ಯೆಗಾಗಿ ಅವರು ನಡಿಸಿದ ದೊಡ್ಡ ಕಾರ್ಯದಲ್ಲಿ ಪಾಲುಗಾರಳಾದಳು.

೧೮೯೦ರಲ್ಲಿ ಸದನವನ್ನು ಪುಣೆಗೆ ಸಾಗಿಸಿದರು. ೧೮೯೩ರಲ್ಲಿ ದೊಡ್ಡ ಪೆಟ್ಟು ಬಿತ್ತು. ರಮಾಬಾಯಿಯವರು ತಮ್ಮ ಕೋಣೆಯ ಬಾಗಿಲನ್ನು ತೆರೆದಿಟ್ಟು ಪ್ರಾರ್ಥನೆ ಮಾಡುತ್ತಿದ್ದರು. ಕೆಲವು ಬಾಲಿಕೆಯರು ತಾವಾಗಿ ಬಂದು ಕೂತುಕೊಳ್ಳುತ್ತಿದ್ದರು. ಇದರಿಂದ ಊರಲ್ಲಿ ಗದ್ದಲವೆದ್ದು, ಸಹಾಯಕ ಮಂಡಲಿಯವರು ರಾಜೀನಾಮೆ ಕೊಟ್ಟರು. ಅನೇಕರು ತಮ್ಮ ಮಕ್ಕಳನ್ನು ಕರಕೊಂಡು ಹೋದರು. ರಮಾಬಾಯಿಯವರು ಉಳಿದವರನ್ನೇ ಹಿಡಿದು ಪಾಠವನ್ನು ಮುಂದರಿಸಿದರು. ೧೯೦೦ರ ವೇಳೆಗೆ ಈ ಸದನದಲ್ಲಿ ಕಲಿತ ಸುಮಾರು ೮೦ ಸ್ತ್ರೀಯರು ಉಪಾಧ್ಯಾಯಿನಿಯರಾಗಿಯೋ ದಾದಿಯರಾಗಿಯೋ ತಮ್ಮ ಜೀವನವನ್ನು ತಾವೇ ಸಂಪಾದಿಸುತ್ತಿದ್ದರು. ಬಂಧುಗಳ ಮನೆಯ ಮೂಲೆಯಲ್ಲಿ ತಲೆ ಬೋಳಿಸಿಕೊಂಡು ಕೂತಿರಬೇಕಾಗಿದ್ದವರು ತಿಂಗಳ ಸಂಬಳವನ್ನು ಎಣಿಸಿಕೊಳ್ಳುವವರಾದರು.

೧೮೯೬-೯೭ರಲ್ಲಿ ಮಧ್ಯಪ್ರಾಂತಗಳಲ್ಲಿ ಬರ ಬಂತೆಂದು ಕೇಳಿದಾಗ ಅವರಿಗೆ ೧೮೭೪ರ ನೆನಪು ಬಂತು. ಅವರು ತಾವೇ ಅಲ್ಲಿಗೆ ಹೋಗಿ ಹಸಿವಿನಿಂದ ಎಲುಬುಗಳು ಎದ್ದ ಬಾಲಿಕೆಯರನ್ನೂ ತರುಣ ವಿಧವೆಯರನ್ನೂ ಕೂಡಿಸಿ ತಂದರು. ಪುಣೆಯಲ್ಲಿ ಪ್ಲೇಗು ಇದ್ದದರಿಂದ ಅಧಿಕಾರಿಗಳು ಅಷ್ಟು ಜನರನ್ನು ಪಟ್ಟಣದಲ್ಲಿಡಗೊಡಲಿಲ್ಲ. ಪುಣೆಯಿಂದ ಸುಮಾರು ೪೦ ಮೈಲು ದೂರದಲ್ಲಿ, ರೈಲುದಾರಿಯ ಮೇಲಿನ ಕೇಡಗಾಂವ್ ಎಂಬಲ್ಲಿ ಅವರು ಮುಂಚೆಯೇ ಭೂಮಿಯನ್ನು ಕೊಂಡಿದ್ದರು. ಆ ಬಯಲಿಗೆ ಎಲ್ಲರನ್ನೂ ಕರಕೊಂಡು ಹೋದರು. ಅದೇ ೧೮೯೭ರಲ್ಲಿ ಪುಣೆಯ ಪ್ಲೇಗಿನ ಆಸ್ಪತ್ರೆಯಲ್ಲಿ ಸ್ತ್ರೀಯರಿಗಾಗುತ್ತಿದ್ದ ಅನ್ಯಾಯವನ್ನು ಕುರಿತು ಅವರು ಪತ್ರಿಕೆಗೆ ಬಹಿರಂಗವಾಗಿ ಬರೆಯಲು, ಆ ಸಂಗತಿಯು ಇಂಗ್ಲೆಂಡಿನ ಪಾರ್ಲಿಮೆಂಟಿನ ವರೆಗೂ ಮುಟ್ಟಿತು. ತಮ್ಮ ಕೈಕೆಳಗಿನ ಹೆಣ್ಣುಮಕ್ಕಳಿಗಾಗಿ ಮಾತಾಡದವರು ಅವರ ನಾಯಕಿಯಾಗಲಾರರೆಂದು ಅವರು ತಿಳಿದಿದ್ದರು.

ಕೇಡಗಾಂವದಲ್ಲಿ ಎದ್ದ ಊರೇ ಮುಕ್ತಿ. ೧೯೦೦ರಲ್ಲಿ ಗುಜರಾತಿನ ಬರವು ಬಂದಾಗ, ಹಿಂದೆ ತಾವೇ ರಕ್ಷಿಸಲ್ಪಟ್ಟ ಮುಕ್ತಿಯ ಸ್ತ್ರೀಯರು ಅಲ್ಲಿಗೆ ಹೋಗಿ ಬೇರೆಯವರನ್ನು ಹುಡುಕಿ ತಂದರು. ಆಗ ನಿವಾಸಿಗಳ ಸಂಖ್ಯೆಯು ಎರಡು ಸಾವಿರದ ಹತ್ತಿರಕ್ಕೆ ಏರಿತು. ಇಷ್ಟು ಮಂದಿಯನ್ನು ಒಬ್ಬರೇ ಹೇಗೆ ಆಳುವದು? ಅದೂ ಕಿವಿ ಸರಿಯಾಗಿ ಕೇಳದ ಒಬ್ಬರು? ರಮಾಬಾಯಿಯವರು ಆಳುವದಕ್ಕೆ ಹೋಗಲಿಲ್ಲ; ಹಂಚಿಕೊಟ್ಟರು. ಹಳೆಯವರಿಗೆ ಹೊಸಬರ ಗುಂಪುಗಳನ್ನು ಒಪ್ಪಿಸಿದರು. ಅಕ್ಷರ ಬಂದವಳು ಬಾರದವಳಿಗೆ ಕಲಿಸಿದಳು. ಅಡಿಗೆ, ಹೊಲ, ತೋಟ, ಹಾಲಿನ ಶಾಲೆ, ಎಣ್ಣೆಯ ಗಾಣ, ನೇಯ್ಗೆಯ ಮಗ್ಗ, ಹೊಲಿಗೆ, ಅಗಸರ ಕೆಲಸ, ರೋಗಿಗಳ ಆರೈಕೆ ಇವೆಲ್ಲವೂ ಸ್ತ್ರೀಯರ ಕೈಯಲ್ಲಿಯೇ ನಡೆದವು. ಕುರುಡಿಯರಿಗೆ ಬೆರಳಿನಿಂದ ಓದುವ ಬ್ರೈಲ್ ಅಕ್ಷರಗಳನ್ನು ಕಲಿಸಿದರು. ಅವರನ್ನೂ ಕೂತು ತಿನ್ನುವವರನ್ನಾಗಿ ಬಿಡಲಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಅಚ್ಚುಕೂಟವನ್ನು ನಾವು ಗಮನಿಸಬೇಕು. ರಮಾಬಾಯಿಯವರು ಗ್ರೀಕ್ ಇಬ್ರಿಯ ಭಾಷೆಗಳನ್ನು ಕಲಿತು, ಹಳ್ಳಿಯ ಹೆಂಗಸರಿಗೂ ಅರ್ಥವಾಗುವ ಸುಲಭವಾದ ಮರಾಠಿಯಲ್ಲಿ ಸತ್ಯವೇದವನ್ನು ಭಾಷಾಂತರಿಸಿದರು. ಅದಕ್ಕೆ ಹತ್ತು ವರುಷಗಳಿಗಿಂತಲೂ ಹೆಚ್ಚು ಕಾಲ ಹಿಡಿಯಿತು. ಅಚ್ಚಿನ ಮೊಳೆಗಳನ್ನು ಜೋಡಿಸಿದವರೂ ಅಚ್ಚೊತ್ತಿದವರೂ ಹಾಳೆಗಳನ್ನು ಮಡಿಸಿ ಕಟ್ಟಿದವರೂ ಮುಕ್ತಿಯ ಸ್ತ್ರೀಯರೇ. ಅವರಲ್ಲಿ ಎಷ್ಟೋ ಮಂದಿ ಬರದಿಂದ ಬಂದಾಗ ಒಂದಕ್ಷರವನ್ನೂ ಅರಿತವರಲ್ಲ. ಅಂಥವರ ಕೈಗೆ ಇಂಥ ಕೆಲಸವನ್ನು ಒಪ್ಪಿಸುವದಕ್ಕೆ ಕೆಲಸ ಕೊಡುವವರಿಗೂ ಧೈರ್ಯ ಬೇಕು. ಮೊಳೆಯನ್ನು ತಪ್ಪಾಗಿ ಜೋಡಿಸಿದರೆ ತಿದ್ದಬೇಕು, ಮತ್ತೆ ಅವಳಿಗೇ ಕೊಡಬೇಕು. ತಪ್ಪಾಯಿತೆಂದು ಕೆಲಸವನ್ನು ಕಸಕೊಂಡರೆ ಅವಳು ಎಂದಿಗೂ ಕಲಿಯಲಾರಳು.

ನಮ್ಮ ಕನ್ನಡ ನಾಡಿಗೂ ಈ ಕೆಲಸದ ಒಂದು ಕೊಂಬೆಯು ಚಾಚಿತು. ಮನೋರಮಾಬಾಯಿಯವರು ತಾಯಿಯ ಬಲಗೈಯಾಗಿ ಶಾರದಾ ಸದನದ ಮುಖ್ಯಸ್ಥೆಯಾಗಿದ್ದರು; ೧೯೧೨ರ ಸುಮಾರಿಗೆ, ಆಗ ನಿಜಾಮನ ರಾಜ್ಯಕ್ಕೆ ಸೇರಿದ್ದ ಕಲಬುರಗಿಯಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ಆರಂಭಿಸಿದರು. ೧೯೧೯ರಲ್ಲಿ ಸರಕಾರದವರು ರಮಾಬಾಯಿಯವರಿಗೆ ಕೈಸರ್-ಇ-ಹಿಂದ್ ಪದಕವನ್ನು ಕೊಟ್ಟು ಗೌರವಿಸಿದರು. ಆದರೆ ಮುಂದಿನ ಭಾರವನ್ನೆಲ್ಲಾ ಯಾರ ಮೇಲೆ ಇಡಬೇಕೆಂದಿದ್ದರೋ ಆ ಮಗಳೇ ೧೯೨೧ರ ಜುಲಾಯಿಯಲ್ಲಿ, ನಾಲ್ವತ್ತು ವರುಷದವಳಾಗಿ ತೀರಿಹೋದಳು. ತಾಯಿಯು ಆ ದುಃಖದಲ್ಲಿಯೂ ಸತ್ಯವೇದದ ಕೊನೆಯ ತಿದ್ದುಪಾಟಿನ ಕೆಲಸವನ್ನು ಬಿಡಲಿಲ್ಲ. ೧೯೨೨ನೆಯ ಇಸವಿ ಎಪ್ರಿಲ್ ೫ರಲ್ಲಿ ಅವರೂ ವಿಶ್ರಾಂತಿಗೆ ಸೇರಿದರು. ಅವರ ಸತ್ಯವೇದವು ಪೂರ್ತಿಯಾಗಿ ಅಚ್ಚಾಗಿ ಹೊರಟದ್ದು ೧೯೨೪ರಲ್ಲಿ. ಅದನ್ನು ನೋಡುವದಕ್ಕೆ ತಾಯಿಯೂ ಇರಲಿಲ್ಲ, ಮಗಳೂ ಇರಲಿಲ್ಲ; ಆದರೂ ಅಚ್ಚುಕೂಟವು ನಿಲ್ಲಲಿಲ್ಲ. ಕೆಲಸವನ್ನು ಒಬ್ಬಳೇ ಮಗಳ ಕೈಯಲ್ಲಿಟ್ಟಿದ್ದರೆ ನಿಲ್ಲುತ್ತಿತ್ತು. ಅನೇಕ ಸ್ತ್ರೀಯರ ಕೈಗಳಲ್ಲಿ ಇಟ್ಟಿದ್ದದರಿಂದ ನಡೆಯಿತು. ಮುಕ್ತಿಯು ಇಂದಿಗೂ ಕೇಡಗಾಂವದಲ್ಲಿ ಅನಾಥರಿಗೂ ನಿರ್ಗತಿಕ ಸ್ತ್ರೀಯರಿಗೂ ಆಶ್ರಯವಾಗಿ ನಿಂತಿದೆ. ನಮ್ಮ ದೇಶದವರು ೧೯೮೯ರಲ್ಲಿ ಅಂಚೆಯ ಚೀಟಿಯ ಮೇಲೆ ಅವರ ಚಿತ್ರವನ್ನು ಅಚ್ಚೊತ್ತಿಸಿದರು.

ಪ್ರಿಯ ವಾಚಕರೇ, ಈ ಚರಿತ್ರೆಯಿಂದ ನಾವು ಏನನ್ನು ಕಲಿಯೋಣ? ಧೈರ್ಯವಾಗಿರೆಂದು ಬುದ್ಧಿ ಹೇಳಿದ ಮಾತ್ರಕ್ಕೆ ಯಾವ ಹೆಣ್ಣುಮಗಳಿಗೂ ಧೈರ್ಯವು ಬರಲಾರದು. ಮೊದಲು ಒಂದು ಕೆಲಸವು ಚೆನ್ನಾಗಿ ಬರಬೇಕು. ಎರಡನೆಯದಾಗಿ, ಆ ಕೆಲಸದ ಹೊಣೆಯನ್ನು ನಂಬಿಕೆಯಿಂದ ಅವಳಿಗೆ ಒಪ್ಪಿಸುವವರು ಇರಬೇಕು. ಮೂರನೆಯದಾಗಿ, ಅವಳು ತಪ್ಪಿದಾಗ ಹಂಗಿಸದೆ ತಿದ್ದುವವರೂ, ನ್ಯಾಯಕ್ಕಾಗಿ ಮಾತಾಡಿದಾಗ ಬೆನ್ನ ಹಿಂದೆ ನಿಲ್ಲುವವರೂ ಇರಬೇಕು. ಅನಂತಶಾಸ್ತ್ರಿಗಳು ಉಡುಪಿಯ ಸಭೆಯಲ್ಲಿ ನಿಲ್ಲದಿದ್ದರೆ ಲಕ್ಷ್ಮೀಬಾಯಿಗೆ ವಿದ್ಯೆಯಿಲ್ಲ. ಲಕ್ಷ್ಮೀಬಾಯಿಯು ಬೆಳಗಿನ ಜಾವದಲ್ಲಿ ಏಳದಿದ್ದರೆ ರಮಾಬಾಯಿಯಿಲ್ಲ. ರಮಾಬಾಯಿಯವರು ಒಪ್ಪಿಸಿಕೊಡದಿದ್ದರೆ ಆ ಸಾವಿರಾರು ಸ್ತ್ರೀಯರ ಕೈಗಳು ಬರಿದಾಗಿಯೇ ಇರುತ್ತಿದ್ದವು.

ಆದದರಿಂದ ತಂದೆಯಾದವನು ಮಗಳ ಸಂಬಳವನ್ನು ಮಾತ್ರ ಕೇಳದೆ, ಅವಳು ಕೆಲಸದಲ್ಲಿ ಏನನ್ನು ಹೊಸದಾಗಿ ಕಲಿತಳೆಂದೂ ಕೇಳಲಿ. ಗಂಡನಾದವನು ಪಂಚಾಯತಿಯ ಸದಸ್ಯೆಯಾದ ಹೆಂಡತಿಯನ್ನು ಸಭೆಯ ಬಾಗಿಲಿನ ವರೆಗೆ ಬಿಟ್ಟು ಬರಲಿ, ಒಳಗೆ ಅವಳ ಬದಲಾಗಿ ಕೂರದಿರಲಿ. ಕಾರ್ಖಾನೆಯಲ್ಲಿ ಮೇಲ್ವಿಚಾರಣೆಯ ಕೆಲಸವು ಬಂದ ಹೆಣ್ಣುಮಗಳು ನನ್ನಿಂದಾಗದೆಂದು ತಟ್ಟನೆ ಹಿಂಜರಿಯದಿರಲಿ. ಆ ಕೆಲಸವನ್ನು ಕಲಿಯುವದಕ್ಕೆ ಒಂದು ತಿಂಗಳನ್ನು ಕೇಳಲಿ, ಕಲಿತ ಮೇಲೆ ತನ್ನ ಪಕ್ಕದವಳಿಗೂ ಕಲಿಸಲಿ. ನಮ್ಮ ಸಭೆಗಳಲ್ಲಿಯೂ ಕಾಣಿಕೆಯ ಲೆಕ್ಕವನ್ನೂ ಹಬ್ಬದ ಏರ್ಪಾಟನ್ನೂ ಯಾವಾಗಲೂ ಗಂಡಸರೇ ಇಟ್ಟುಕೊಳ್ಳದೆ, ಬರುವ ವರುಷ ಅವುಗಳಲ್ಲೊಂದನ್ನು ಸ್ತ್ರೀಯರ ಸಂಘಕ್ಕೆ ಪೂರ್ತಿಯಾಗಿ ಒಪ್ಪಿಸಲಿ. ಲೆಕ್ಕದಲ್ಲಿ ತಪ್ಪು ಬಂದರೆ ಕೂತು ತಿದ್ದೋಣ. ಪುಸ್ತಕವನ್ನು ಮಾತ್ರ ಹಿಂದಕ್ಕೆ ಕಸಕೊಳ್ಳದಿರೋಣ.